ಎದುರು ದಿಕ್ಕಿನ ಬಸ್ಸು

ಹಾಸಿಗೆ ಕಾರ್ಖಾನೆಯ ಸ್ಟೋರ್ ಕೀಪರನ ಮನೆ ಕಾರ್ಖಾನೆಯ ಹಿಂದಿನ ಬೀದಿಯಲ್ಲೇ ಇತ್ತು. ಚಪ್ಪಲಿ ಮೆಟ್ಟಿ ಹೊರಟರೆ ಬೆವರುವ ಮೊದಲೇ ಗೇಟು ಸಿಗುತ್ತಿತ್ತು. ಆದರೂ ಈ ಮಹಾನುಭಾವ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಊರಿನ ಇನ್ನೊಂದು ತುದಿಯ ನೀರಿನ ಟ್ಯಾಂಕಿನವರೆಗೆ ಹೋಗಿ, ಅಲ್ಲಿಂದ ಲೆಕ್ಕಪತ್ರ ವಿಭಾಗದ ಅಕ್ಕನ ಕಾರಿನಲ್ಲಿ ಅದೇ ದಾರಿಯಲ್ಲಿ ವಾಪಸು ಬರುತ್ತಿದ್ದ. ಸಂಜೆ ಇದೇ ಕಸರತ್ತು ತಿರುವುಮುರುವು. ತಲೆ ಕೆಟ್ಟಿತ್ತೇ ಎಂದು ಕೇಳಬೇಡಿ. ತಲೆ ನೆಟ್ಟಗೇ ಇತ್ತು, ಮನೆ ಖಾಲಿಯಾಗಿತ್ತು.

ಶುರುವಾಗಿದ್ದು ನಗರಸಭೆಯಿಂದ. ರಸ್ತೆ ತುಂಬ ಒಬ್ಬೊಬ್ಬರೇ ಕೂತ ಕಾರುಗಳನ್ನು ನೋಡಿ ನೋಡಿ ಸಾಕಾಗಿ, ನೌಕರರು ಬಸ್ಸಿನಲ್ಲೋ ಸೈಕಲ್ಲಿನಲ್ಲೋ ನಡೆದೋ ಒಂದೇ ಕಾರಿನಲ್ಲಿ ಜೊತೆಯಾಗಿಯೋ ಬರುವ ಕಂಪನಿಗಳಿಗೆ ತೆರಿಗೆಯಲ್ಲಿ ರಿಯಾಯಿತಿ ಎಂದು ಅದು ಸಾರಿತು. ರಿಯಾಯಿತಿ ಅಂದಕೂಡಲೇ ನಮ್ಮ ಮ್ಯಾನೇಜರರ ಕಿವಿ ನೆಟ್ಟಗಾಯಿತು. ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, “ಯಾರ್ಯಾರು ಯಾವ ಕಡೆ? ಕೈ ಎತ್ತಿ!” ಎಂದು ಕೂಗಿದರು. ಟ್ಯಾಂಕಿನ ಕಡೆಗೆ ಕೈ ಎತ್ತಿದವರು ಮೂವರು: ಕಾರಿನ ಒಡತಿ ಅಕ್ಕ, ಕೂತಲ್ಲೇ ತೂಕಡಿಸುವ ಪ್ಯಾಕಿಂಗಿನವಳು, ಬಾಯಿ ಮುಚ್ಚಲು ಬಾರದ ಟೈಲರ್ ‘ರೇಡಿಯೊ’. ನಾಲ್ಕನೆಯ ಕೈ ಸ್ಟೋರ್ ಕೀಪರನದು. ಇಷ್ಟು ವರ್ಷ ಜೊತೆಗೆ ದುಡಿದವರಲ್ಲಿ ಅವನ ಮನೆ ಎಲ್ಲಿದೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಹಾಗಾಗಿ ಸುಳ್ಳು ಸಲೀಸಾಗಿ ದಕ್ಕಿತು.

ತಮ್ಮನ ಸಂಸಾರ ಬೇರೆ ಮನೆ ಮಾಡಿಕೊಂಡು ಹೋದ ಮೇಲೆ ಅವನ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಫ್ರಿಜ್ ಒಂದೇ. ಸ್ಟೋರಿನಲ್ಲಿ ಸ್ಪಂಜು, ಸ್ಪ್ರಿಂಗು, ದಾರದುಂಡೆಗಳ ನಡುವೆಯೂ ಅದೇ ಕಥೆ. ಬಂದವರು ಬೇಕಾದ್ದು ಕೇಳಿ, ಕೊಟ್ಟದ್ದು ಹೊತ್ತು ಹೋಗುತ್ತಿದ್ದರು. ಆ ಕಾರಿನಲ್ಲಾದರೆ ಹಿಂದಿನ ಸೀಟಿನಲ್ಲಿ ಭುಜಕ್ಕೆ ಭುಜ ತಾಗುತ್ತಿತ್ತು. ರೇಡಿಯೊ ಅವನ ಕಾಲೆಳೆಯುತ್ತಿದ್ದ. “ಸ್ವಲ್ಪ ಸರ್ಕೊಳ್ಳಪ್ಪಾ” ಎಂದು ಅಕ್ಕ ಗದರಿದರೂ ಅವನಿಗೆ ಖುಷಿ. ಯಾರಾದರೂ ಸರಿದುಕೋ ಅನ್ನಬೇಕಾದರೆ ಪಕ್ಕದಲ್ಲಿ ಯಾರಾದರೂ ಇರಬೇಕಲ್ಲ.

ಒಂದು ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕಕ್ಕೆ ಒಬ್ಬ ಹೆಂಗಸು ಬಂದು ಕೂತಳು. “ದಿನಾ ಇದೇ ಬಸ್ಸಾ?” ಎಂದು ಕೇಳಿದಳು. ಅಷ್ಟು ಸಾಕಾಯಿತು. ಇವನು ಕಾರಿನ ವಿಷಯ, ರೇಡಿಯೊ ಹೇಳುವ ಕಥೆ, ಅಕ್ಕನ ಬ್ರೇಕು, ಕೊನೆಗೆ ಕಾರ್ಖಾನೆಯ ಹಿಂದಿರುವ ತನ್ನ ಮನೆ, ಎಲ್ಲ ಒಂದೇ ಉಸಿರಿಗೆ ಒದರಿಬಿಟ್ಟ.

“ಅಯ್ಯೋ, ಅಲ್ಲೇ ಮನೆ ಇಟ್ಕೊಂಡು ಇಷ್ಟು ದೂರ ಯಾಕ್ ಬರ್ತೀರ?”

ಟ್ಯಾಂಕ್ ಬಂತು. ಅವನು ನಗುತ್ತಾ ಇಳಿದುಬಿಟ್ಟ.

ಮಧ್ಯಾಹ್ನ ನಗರಸಭೆಯ ತಪಾಸಣೆ. ತಪಾಸಣೆಗೆ ಬಂದ ಅಧಿಕಾರಿಯಾಗಿ ಮ್ಯಾನೇಜರರ ಪಕ್ಕ ನಿಂತಿದ್ದವಳು ಅದೇ ಹೆಂಗಸು. ಸುಮ್ಮನಿರಿ ಎಂದು ಅವನು ಕಣ್ಣಲ್ಲೇ ಬೇಡಿಕೊಂಡ. ಅವಳಿಗೆ ಅರ್ಥವಾಗಲಿಲ್ಲ, ಉಪಕಾರ ಮಾಡುವ ಹುರುಪಿನಲ್ಲಿದ್ದಳು.

“ಪಾಪ, ಇವರಿಗ್ಯಾಕೆ ಇಷ್ಟು ತೊಂದ್ರೆ ಕೊಡ್ತೀರ? ಮನೆ ಇಲ್ಲೇ ಹಿಂದೆ ಇದೆಯಂತೆ! ನಡ್ಕೊಂಡು ಬರ್ಲಿ. ನಡೆದು ಬರೋರಿಗೆ ನಮ್ಮಲ್ಲಿ ರಿಯಾಯಿತಿ ಇನ್ನೂ ಜಾಸ್ತಿ.”

ಮ್ಯಾನೇಜರರ ಮುಖ ಅರಳಿತು. “ನಾಳೆಯಿಂದ ನಡ್ಕೊಂಡೇ ಬಾರಯ್ಯ. ನೀನೇ ನಮಗೆ ಮಾದರಿ!” ಎಂದು ಬೆನ್ನು ತಟ್ಟಿದರು. ಯಾರೋ ಚಪ್ಪಾಳೆ ಹೊಡೆದರು. ಒಬ್ಬ ಮನುಷ್ಯನ ಏಕೈಕ ಜಾಗ ಕಿತ್ತುಕೊಂಡು ಚಪ್ಪಾಳೆ ಹೊಡೆಯುವ ಜನಕ್ಕೆ ಏನು ಹೇಳೋಣ!

ಅಕ್ಕ ಮಾತ್ರ ಸ್ಟೋರಿನ ಬಾಗಿಲಿಗೆ ಬಂದು ಕೇಳಿದಳು. “ಅಲ್ಲಾ ಮಾರಾಯ, ಯಾಕೆ ಹೀಗ್ ಮಾಡ್ದೆ?”

“ಮನೇಲಿ ಮಾತಾಡೋಕೆ ಯಾರೂ ಇಲ್ಲ ಅಕ್ಕ.”

ಅವಳ ಹಿಂದೆಯೇ ಬಂದು ನಿಂತಿದ್ದ ರೇಡಿಯೊ ತಮಾಷೆಯೆಂದುಕೊಂಡು ಗಹಗಹಿಸಿ ನಕ್ಕ. ಯಾರೂ ಜೊತೆಗೂಡದಿದ್ದಾಗ ಪೆಚ್ಚಾಗಿ ನಿಲ್ಲಿಸಿದ.

ಮರುದಿನ ಅವನು ನಡೆದೇ ಬಂದ. ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆದು, ಇಡೀ ದಿನ ಕೇಳಿದವರಿಗೆ ಕೇಳಿದ್ದು ಕೊಟ್ಟ. ಸಂಜೆ ಗೇಟು ದಾಟುವಾಗ ಕಾರು ಅವನ ಪಕ್ಕ ನಿಂತಿತು.

“ಹತ್ತು, ಬಿಟ್ಟು ಹೋಗ್ತೀನಿ” ಎಂದಳು ಅಕ್ಕ.

“ನಿಮ್ಗೆ ಆ ಕಡೆ ಅಲ್ವಾ...”

“ಹತ್ತಪ್ಪಾ ಸುಮ್ನೆ!”

ಹತ್ತಿದ. ಪ್ಯಾಕಿಂಗಿನವಳು ಅರೆನಿದ್ದೆಯಲ್ಲೇ ಸರಿದು ಜಾಗ ಕೊಟ್ಟಳು. ರೇಡಿಯೊ ಗಂಟಲು ಸರಿಮಾಡಿಕೊಂಡು, ತನ್ನ ಮಾವ ಮದುವೆಮನೆಯಲ್ಲಿ ಬೇರೆ ಯಾರದೋ ಕೋಟು ತೊಟ್ಟುಕೊಂಡು ಬಂದ ಕಥೆ ಶುರುಮಾಡಿದ. ಮಾವ ಕೋಟಿನ ಜೇಬಿಗೆ ಕೈ ಹಾಕುವಷ್ಟರಲ್ಲಿ ಕಾರು ನಿಂತಿತು. ಮನೆ ಬಂದಿತ್ತು.

“ಜೇಬಲ್ಲಿ ಏನಿತ್ತು?” ಸ್ಟೋರ್ ಕೀಪರ್ ಬಾಗಿಲ ಹಿಡಿಯನ್ನು ಹಿಡಿದುಕೊಂಡೇ ಕೇಳಿದ.

“ಅದು ದೊಡ್ಡ ಕಥೆ ಮಾರಾಯ, ಇಳಿ, ನಮಗೆ ಲೇಟಾಗತ್ತೆ” ಎಂದ ರೇಡಿಯೊ.

ಇಳಿದ. ಕಾರು ತಿರುಗಿ ಬೀದಿಯ ತುದಿ ತಲುಪಿತು. ಕಿಟಕಿಯಿಂದ ಮೂವರ ನಗು ಒಟ್ಟಿಗೆ ಕೇಳಿಸಿತು. ಏನಿತ್ತೋ ಜೇಬಿನಲ್ಲಿ ಎಂದುಕೊಳ್ಳುತ್ತಾ ಅವನೂ ಅವರ ಜೊತೆ ಸ್ವಲ್ಪ ನಕ್ಕ.