ತಣ್ಣಗೆ

ಬೆಳಿಗ್ಗೆ ದೊಡ್ಡಿಯಲ್ಲಿ ಟಗರು ಮೂಡಲಗಿರಿಯಪ್ಪನ ಎಡಪಕ್ಕೆಗೆ ಗುದ್ದಿತ್ತು. ಚರ್ಮ ಹರಿದಿರಲಿಲ್ಲ, ರಕ್ತ ಬಂದಿರಲಿಲ್ಲ. ಚಿತ್ರದುರ್ಗದಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು ಸುಚಿತ್ರಾ ಫೋನಿನಲ್ಲಿ, "ಹಿರಿಯೂರಿಗೆ ಕರ್ಕಂಡೋಗಿ ತೋರಿಸವ್ವ" ಎಂದಳು.

"ಟಗರು ಗುದ್ದೈತೆ ಅಂತ ಆಸ್ಪತ್ರೆಗೆ ಹೋದ್ರೆ ಬಸ್ಸಲ್ಲಿರೋರೆಲ್ಲ ನಗ್ತಾರೆ. ಅವಳ ಸೂಜಿ ಅವಳತ್ರಾನೇ ಇಟ್ಕಳಾಕೆ ಹೇಳು" ಎಂದು ಅಪ್ಪ ಹಿಂದಿನಿಂದ ಕೂಗಿದ. ದನಿ ಗಟ್ಟಿಯಾಗಿಯೇ ಇತ್ತು.

ಮಧ್ಯಾಹ್ನ ವಾರ್ಡಿನ ಡ್ಯೂಟಿಗೆ ಮುಂಚೆ ಅವಳು ಮತ್ತೆ ವಿಚಾರಿಸಿದಳು.

"ಆಗ್ಲಿಂದ ಹೊಳ್ಳಾಡ್ತಿದ್ದ. ನನ್ನೂ ಬೈದ, ಟಗರನ್ನೂ ಬೈದ. ಈಗ ತಣ್ಣಗೆ ಐದಾನೆ ಕಣೆ" ಎಂದಳು ತಾಯಿ ಓಬಮ್ಮ.

ಧರ್ಮಪುರದ ಕಡೆ ಅಳುವ ಮಗು ಸುಮ್ಮನಾದರೂ, ಜಗಳ ನಿಂತರೂ ತಣ್ಣಗಾಯಿತು ಅನ್ನುತ್ತಾರೆ. ಸುಚಿತ್ರಾ ನಿರಾಳವಾಗಿ ಒಳಗೆ ಹೋದಳು.

ವಾರ್ಡಿನಲ್ಲಿ ಸಿಸ್ಟರ್ ದಾಕ್ಷಾಯಿಣಿ ಬಾಣಂತಿಯೊಬ್ಬಳ ನಾಡಿ ಹಿಡಿದಿದ್ದರು. "ಇವಳ ಕೈ ಮುಟ್ಟೇ" ಎಂದರು. ಬೆವರಿತ್ತು, ತಣ್ಣಗಿತ್ತು. "ಸುಮ್ನೆ ಮಲಗಿದಾಳೆ ಅಂತ ನೀವು ಬಿಟ್ಬಿಡ್ತೀರಿ. ಇದು ಶಾಕ್. ಒಳಗೆ ರಕ್ತ ಹೋಗ್ತಿದ್ರೆ ಹಿಂಗೇ ಆಗೋದು. ಓಡು, ಡಾಕ್ಟರನ್ನ ಕರಿ."

ಡಾಕ್ಟರಿಗೆ ಹೇಳಿದವಳೇ ವರಾಂಡದಿಂದ ಮನೆಗೆ ಫೋನ್ ಮಾಡಿದಳು.

"ಅವ್ವ, ಅಪ್ಪ ತಣ್ಣಗೆ ಐದಾನೆ ಅಂದ್ಯಲ್ಲ, ಸುಮ್ನೆ ಮಲಗಿದಾನೋ, ಮೈ ತಣ್ಣಗೈತೋ?"

"ಎರಡೂನು. ಅಂಗಿಯೆಲ್ಲ ಬೆವತು ಒದ್ದೆಯಾಗೈತೆ. ನೀರು ನೀರು ಅಂತಾನೆ."

"ಉಗುರು ಅದುಮಿ ಬಿಡು. ಕೆಂಪು ತಿರುಗಿ ಬಂತಾ?"

ಕುರಿಗಳ ದನಿಯ ನಡುವೆ ಓಬಮ್ಮ ಒಂದೊಂದೇ ಬೆರಳು ಅದುಮಿ ನೋಡಿದಳು.

"ಬಿಳೀನೇ ಐತೆ. ಎಲ್ಲಾ ಬೆರಳೂ ಹಂಗೇ. ಯಾಕೆ?"

"ನೀರು ಕುಡಿಸಬ್ಯಾಡ. ಕಾಲು ಎತ್ತಿಡು, ಕಂಬಳಿ ಹೊದಿಸು. ಆಂಬುಲೆನ್ಸ್‌ಗೆ ನಾನು ಹೇಳ್ತೀನಿ."

ಹಿರಿಯೂರಿನಲ್ಲಿ ಡ್ರಿಪ್ ಹಾಕಿ ದುರ್ಗಕ್ಕೆ ಕಳಿಸಿದರು. ಸುಚಿತ್ರಾ ಆಪರೇಷನ್ ಥಿಯೇಟರಿಗೆ ಹೇಳಿಸಿ, ಬ್ಲಡ್ ಬ್ಯಾಂಕಿಗೆ ಓಡಿ, ಗೇಟಿನಲ್ಲಿ ಬಂದು ನಿಂತಳು. ಆಂಬುಲೆನ್ಸ್ ಅರ್ಧ ದಾರಿಯ ಐಮಂಗಲ ದಾಟಿದ ಮೇಲೆ ಅವ್ವನ ಫೋನ್ ಬಂತು.

"ಹೆಂಗೈದಾನೆ?"

ಮಧ್ಯಾಹ್ನ ಆಡಿದ 'ತಣ್ಣಗೆ' ಅನ್ನುವ ಮಾತನ್ನು ಈಗ ಆಡಲು ಓಬಮ್ಮ ಹೆದರಿದ್ದಳು.

"ನೀನು ಹೇಳ್ದಂಗೆ ಉಗುರು ಅದುಮಿ ಅದುಮಿ ನೋಡ್ತಾ ಐದೀನಿ ಕಣೆ" ಎಂದಳು. "ಇವ್ರು ಸೈರನ್ ಯಾಕೆ ನಿಲ್ಲಿಸಿದ್ರು?"