ಮದರ್‌ದೇ ತಪ್ಪು

ಆಯುಧಪೂಜೆ ಮುಗಿದ ಮೇಲೆ ಅಂಗಡಿಯ ಕಂಪ್ಯೂಟರ್ ಆನ್ ಮಾಡಿದರೆ ಒಳಗಿನ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ನನ್ನ ಗಂಡ ಮಲ್ಲಿಕ್ ತೀರಿಕೊಂಡ ಮೇಲೆ ನಮ್ಮ ಮನೆ ನಡೆಯುತ್ತಿದ್ದದ್ದೇ ಅವರು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಹಾಕಿಕೊಟ್ಟಿದ್ದ ಆ ಡಿಟಿಪಿ ಅಂಗಡಿಯಿಂದ. ಪೂಜೆಯ ದಿನ ಅತ್ತೆ ವೀರಮ್ಮ ಸಿಪಿಯು ಮೇಲೆ ಅರಿಶಿನ, ಕುಂಕುಮ, ಸೇವಂತಿಗೆ ಎಲ್ಲವನ್ನೂ ಧಾರಾಳವಾಗಿ ಏರಿಸಿದ್ದರು. ನನಗೆ ಮೈಯೆಲ್ಲ ಉರಿಯಿತು.

"ನಿಮ್ಮ ಪೂಜೆಯಿಂದ್ಲೇ ಹಾಳಾಯ್ತು" ಎಂದುಬಿಟ್ಟೆ.

ರಿಪೇರಿಗೆಂದು ಶಿವಮೊಗ್ಗಕ್ಕೆ ಹೊರಟಾಗ "ನಾನೂ ಬರ್ತೀನಿ" ಎಂದ ಅತ್ತೆ, ಬಸ್ಸಿನಲ್ಲಿ ಆ ಭಾರದ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡೇ ಕೂತರು.

ಅಲ್ಲಿನ ಹೊಸಮನೆ ಬಡಾವಣೆಯ ರಿಪೇರಿ ಅಂಗಡಿಯಲ್ಲಿ ಜ್ಞಾನೇಶ್ ಅದನ್ನು ಬಿಚ್ಚಿದ. ಮಲ್ಲಿಕ್ ಅವರಿಗೆ ತಮ್ಮನಂತಿದ್ದವನು. ಒಳಗೆ ಕುಂಕುಮ, ಒಣಗಿದ ಎಸಳು. ಅತ್ತೆ ಮುಖ ತಿರುಗಿಸಿದರು.

"ಚಿತ್ರ ಬರ್ತಿಲ್ಲ ಅಂದ್ರೆ ಡಿಸ್‌ಪ್ಲೇ ಕಾರ್ಡಾದ್ರೂ ಹೋಗಿರ್ಬೇಕು, ಬೋರ್ಡಾದ್ರೂ ಹೋಗಿರ್ಬೇಕು" ಎನ್ನುತ್ತ ನಮ್ಮ ಕಾರ್ಡು ಕಿತ್ತು ತನ್ನ ಕಂಪ್ಯೂಟರಿಗೆ ಹಾಕಿದ. ಚಿತ್ರ ಬಂತು. ತನ್ನ ಕಾರ್ಡನ್ನು ನಮ್ಮದಕ್ಕೆ ಹಾಕಿದ. ಕಪ್ಪು.

"ಕಾರ್ಡು ಚೆನ್ನಾಗಿದೆ ಅಕ್ಕ. ಎಲ್ಲ ಮದರ್‌ದೇ ತಪ್ಪು."

"ಮದರ್ ಅಂದ್ರೆ ತಾಯಿ ಅಲ್ವೇನಪ್ಪ?" ಅತ್ತೆಯ ದನಿ ಸಣ್ಣದಾಗಿತ್ತು. "ನಂಗೆ ಗೊತ್ತಿತ್ತು. ಅವತ್ತು ಮಗ ಎದೆ ಉರೀತಿದೆ ಅಂದಾಗ ಆಸ್ಪತ್ರೆಗೆ ಕಳಿಸೋ ಬದ್ಲು ಜೀರಿಗೆ ಕಷಾಯ ಕೊಟ್ಟೋಳು ನಾನೇ. ಈಗ ಅವ್ನು ಬಿಟ್ಟುಹೋಗಿದ್ದನ್ನೂ ಕೆಡಿಸ್ದೆ."

ಜ್ಞಾನೇಶ್ ಗಾಬರಿಯಾದ. "ಅಲ್ಲಮ್ಮ, ಈ ಹಲಗೆ ಹೆಸರೇ ಮದರ್ ಬೋರ್ಡು. ನೋಡಿ, ಇದರ ಮೇಲಿನ ಸಣ್ಣ ಡಬ್ಬಿಗಳೆಲ್ಲ ತಲೆ ಊದ್ಕೊಂಡಿವೆ. ಒಳಗೊಳಗೇ ಎಷ್ಟೋ ತಿಂಗಳಿಂದ ಕೆಡ್ತಾ ಬಂದಿರೋದು. ನಿಮ್ಮ ಹೂವಿಗೂ ಇದಕ್ಕೂ ಸಂಬಂಧ ಇಲ್ಲ."

ಅತ್ತೆ ಕೇಳಿಸಿಕೊಂಡದ್ದು ಅವನ ಮಾತು, ನೋಡುತ್ತಿದ್ದದ್ದು ನನ್ನನ್ನು. ಕಷಾಯದ ಮಾತನ್ನು ನಾವಿಬ್ಬರೂ ಅದುವರೆಗೆ ಎತ್ತಿರಲಿಲ್ಲ. ಅದಕ್ಕಾಗಿ ನಾನು ಅವರನ್ನು ಒಳಗೇ ದೂರುತ್ತಿದ್ದದ್ದು ಅವರಿಗೆ ತಿಳಿದೇ ಇತ್ತು ಎಂದು ಆಗ ಗೊತ್ತಾಯಿತು. ಆಗಲೇ ಆಸ್ಪತ್ರೆಗೆ ಹೋಗಿದ್ದರೆ ಮಲ್ಲಿಕ್ ಉಳಿಯುತ್ತಿದ್ದರೋ ಏನೋ. ಅದನ್ನು ಬಿಚ್ಚಿ ನೋಡಿ ಹೇಳುವವರು ಯಾರೂ ಇಲ್ಲ.

"ಅದೂ ನಿಮ್ಮಿಂದ ಆಗಿದ್ದಲ್ಲ ಅತ್ತೆ" ಎಂದೆ.

ಅವರು ಬೋರ್ಡಿನ ಮೇಲಿದ್ದ ಎಸಳೊಂದನ್ನು ಎತ್ತಿ ಸೆರಗಿನಲ್ಲಿ ಹಿಡಿದುಕೊಂಡರು.

"ಇನ್ನೊಂದ್ಸಲ ಹೇಳು ಮಾರಾಯ್ತಿ" ಎಂದರು.