ಸೋಮವಾರದ ಕೇಕು

ಆ ವರ್ಷ, ಎಪ್ಪತ್ತೆಂಟರಲ್ಲಿ, ಕ್ರಿಸ್ಮಸ್ ಸೋಮವಾರ ಬಂತು. ಅಲ್ಲಾಳಸಂದ್ರ ಕೆರೆಯ ಪಕ್ಕದ ಮಿಷನ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಗ್ವೆನ್‌ಗೆ ಹಬ್ಬ ಯಾವ ವಾರ ಬಂದರೇನು ಎನ್ನಿಸಿತ್ತು. ವೇಲ್ಸ್‌ನಿಂದ ಬಂದ ಮೇಲೆ ಅವಳಿಗಿದು ಇಲ್ಲಿನ ಎರಡನೆಯ ಹಬ್ಬ. ಹಿಂದಿನ ಸಲ ಭಾನುವಾರ ಬಿದ್ದಿತ್ತು. ಮಕ್ಕಳು ಕೇಕು ತಿಂದು ಬೆರಳು ನೆಕ್ಕುತ್ತಾ ಮನೆಗೆ ಹೋಗಿದ್ದರು. ಯಾರೂ ಏನೂ ಕೇಳಿರಲಿಲ್ಲ.

ಈ ಸಲ, ಅವಳು ಮಕ್ಕಳನ್ನು ಮತಕ್ಕೆ ಸೇರಿಸುತ್ತಾಳೆಂಬ ಗಾಳಿಮಾತು ಹಬ್ಬಿ, ಊರು ಮುಖ ತಿರುಗಿಸಿತ್ತು. ಅವಳು ಶಾಲೆಯ ಬಾಗಿಲಿಗೆ ಕಟ್ಟಿದ ಕಾಗದದ ನಕ್ಷತ್ರ ಬೆಳಗಾಗುವಷ್ಟರಲ್ಲಿ ಚರಂಡಿಯಲ್ಲಿತ್ತು. ಹಾಲಿನವನು ಹಸು ಬತ್ತಿದೆ ಎಂದು ಅವಳ ಮನೆಗೆ ಮಾತ್ರ ಹಾಲು ನಿಲ್ಲಿಸಿದ್ದ. ಟೀ ಅಂಗಡಿಯ ಮುಂದೆ ಹಾದರೆ ಬೆಂಚಿನ ಮೇಲಿದ್ದವರು ಅವಳಿಗೆ ಕೇಳುವ ಹಾಗೆಯೇ ಮಾತಾಡುತ್ತಿದ್ದರು.

"ಬಂದ್ಳು ನೋಡ್ರಲಾ, ನಾಟಕದ ರಾಣಿ."

"ನಗ್ಬ್ಯಾಡ ಕಣ್ಲಾ, ನಿನ್ ಮಗಳ್ನೂ ಕಿರಸ್ತಾನ ಮಾಡ್ಬಿಟ್ಟಾಳು."

ಪುಸ್ತಕದಿಂದ ಕಲಿತ ಕನ್ನಡದಲ್ಲಿ ಅವಳು "ನಮಸ್ಕಾರ, ಎಲ್ಲರೂ ಕ್ಷೇಮವೇ?" ಎನ್ನುತ್ತಿದ್ದಳು. ನಗು ಇನ್ನೂ ಜೋರಾಗುತ್ತಿತ್ತು.

ಇಷ್ಟರ ನಡುವೆ ಅವಳನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಯಲ್ಲಮ್ಮ. ಏಳನೆಯ ತರಗತಿಯ ಹುಡುಗಿ. ಮಾರ್ಚಿನಲ್ಲಿ ಪಬ್ಲಿಕ್ ಪರೀಕ್ಷೆ ಪಾಸಾದರೆ ಯಲಹಂಕದ ಹೈಸ್ಕೂಲಿಗೆ ಕಳಿಸುತ್ತೇನೆಂದು ಅವಳ ಅಪ್ಪ ಆನಂದಪ್ಪ ಮಾತು ಕೊಟ್ಟಿದ್ದ. ಆದರೆ ಗಾರೆ ಕೆಲಸಕ್ಕೆ ಹೋದವನು ಗೋಡೆಗೆ ಕಟ್ಟಿದ್ದ ಮರದ ಸಾರುವೆ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ. ಅಂದಿನಿಂದ ಮನೆಯಲ್ಲಿ ಅವನ ತಾಯಿ ಮುನಿವೆಂಕಟಮ್ಮನದೇ ಮಾತು. ಮುದುಕಿ ಹುಡುಗಿಗೆ ಗಂಡು ಗೊತ್ತುಮಾಡಿ ಇಟ್ಟಿದ್ದಳು. ಶಾಲೆ ಬಿಡಿಸಲು ಒಂದು ನೆಪ ಬೇಕಿತ್ತು, ಅಷ್ಟೆ.

ಸೋಮವಾರಗಳಂದು ಯಲ್ಲಮ್ಮ ಮಧ್ಯಾಹ್ನ ಏನೂ ತಿನ್ನುತ್ತಿರಲಿಲ್ಲ. ಮನೆಯಲ್ಲಿ ಇಲ್ಲವೇನೋ ಎಂದುಕೊಂಡಿದ್ದಳು ಗ್ವೆನ್. ಹುಡುಗಿಗೆ ಅವಮಾನವಾದೀತೆಂದು ಒಮ್ಮೆಯೂ ಕೇಳಲಿಲ್ಲ. ಭಾನುವಾರ ಕೇಕು ಮಾಡುವಾಗ ಯಲ್ಲಮ್ಮನೇ ಜೊತೆಗೆ ನಿಂತು ಮೊಟ್ಟೆ ಒಡೆದಳು, ಹಿಟ್ಟು ಸುರಿದ ಡಬ್ಬಿಯ ಮೇಲೂ ಕೆಳಗೂ ಕೆಂಡ ಹರಡಿದಳು. ಮರುದಿನ ಗ್ವೆನ್ ಅವಳ ಕೈಗೆ ಎಲ್ಲರಿಗಿಂತ ದೊಡ್ಡ ತುಂಡು ಇಟ್ಟಳು. ಹುಡುಗಿ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಗಬಗಬನೆ ತಿಂದಳು.

ಅಂದು ಸಂಜೆ ಆನಂದಪ್ಪನಿಗೆ ಜ್ವರ ಏರಿತು. ಮಂಗಳವಾರ ಬೆಳಿಗ್ಗೆ ಮುನಿವೆಂಕಟಮ್ಮ ಮೊಮ್ಮಗಳ ರಟ್ಟೆ ಹಿಡಿದುಕೊಂಡು ಶಾಲೆಯ ಜಗಲಿಗೆ ಬಂದಳು. ಹಿಂದೆ ಟೀ ಅಂಗಡಿಯ ಬೆಂಚೇ ಎದ್ದು ಬಂದಿತ್ತು.

ಅಂಗಳ ಗುಡಿಸುತ್ತಿದ್ದ ಆಯಾ ಬದರುನ್ನೀಸಾ ಪೊರಕೆ ಬಿಟ್ಟು ಒಳಗೆ ಓಡಿಬಂದಳು. "ಅಮ್ಮಾ, ಆ ಹುಡ್ಗಿ ಅಪ್ಪನ್ ಸಲ್ವಾಗಿ ಸೋಮವಾರ ಒಪ್ಪತ್ತು ಇರ್ತಾಳಂತೆ. ಅಜ್ಜಿ ಹೊತ್ತ ಹರಕೆ, ಇವಳು ಮಾಡ್ತಿರೋದು. ಮೊಟ್ಟೆಗಿಟ್ಟೆ ಮುಟ್ಟಂಗಿಲ್ಲ. ಕೇಕಲ್ಲಿ ಮೊಟ್ಟೆ ಇರ್ಲಿಲ್ಲ ಅಂತ ಹೇಳಿದಾಳೆ ಮನೇಲಿ. ನೀವೂ ಇಲ್ಲ ಅಂದ್ಬಿಡಿ, ಬಸ್. ಸಚ್ ಗಿಚ್ ನಕ್ಕೋ, ನಿಜ ಹೇಳೋದ್ ಬ್ಯಾಡ."

ಗ್ವೆನ್ ಹೊರಗೆ ಬಂದಳು. ತಾನು ಹಸಿವು ಎಂದುಕೊಂಡದ್ದು ವ್ರತವಾಗಿತ್ತು ಎಂಬುದು ಇನ್ನೂ ಅವಳೊಳಗೆ ಪೂರ್ತಿ ಇಳಿದಿರಲಿಲ್ಲ.

"ಟೀಚರಮ್ಮ," ಮುದುಕಿಯ ದನಿ ತಣ್ಣಗಿತ್ತು. "ಒಂದೇ ಮಾತು. ಆ ಕೇಕ್ನಾಗೆ ಮೊಟ್ಟೆ ಆಕಿದ್ರಾ?"

ಯಲ್ಲಮ್ಮ ನೆಲ ನೋಡುತ್ತಿದ್ದಳು. ನಿಜ ಹೇಳಿದರೆ ಹುಡುಗಿ ಸುಳ್ಳುಗಾತಿಯಾಗುತ್ತಾಳೆ, ಅಪ್ಪನ ಜ್ವರವೂ ಅವಳ ತಲೆಗೇ ಬರುತ್ತದೆ, ಮಾರ್ಚಿನ ಪರೀಕ್ಷೆ ಇಂದಿಗೇ ಮುಗಿಯುತ್ತದೆ. ಸುಳ್ಳು ಹೇಳಿದ ಮಕ್ಕಳನ್ನು ಇದೇ ಜಗಲಿಯಲ್ಲಿ ನಿಲ್ಲಿಸಿ ಗ್ವೆನ್ ಬುದ್ಧಿ ಹೇಳಿದ್ದಳು. ಅವಳು ಮುದುಕಿಯ ಕಡೆ ತಿರುಗಿದಳು.

"ಇಲ್ಲ," ಎಂದಳು.

"ಕೇಳುಸ್ಲಿಲ್ಲ."

"ಮೊಟ್ಟೆ ಹಾಕಿರಲಿಲ್ಲ."

ಹಿಂದಿದ್ದವರಲ್ಲಿ ಒಬ್ಬ ಕ್ಯಾಕರಿಸಿ ಉಗಿದ. "ಮೊಟ್ಟೆ ಇಲ್ದಿದ್ ಕೇಕಂತೆ! ಯಾರ್ಗಲಾ ಕತೆ ಏಳ್ತಾಳೆ?"

"ನೀನ್ ಸುಮ್ಕಿರು," ಎಂದಳು ಮುನಿವೆಂಕಟಮ್ಮ. ಅವಳ ಮುಖದ ಬಿಗಿ ಒಂದಿಷ್ಟು ಸಡಿಲಿದಂತಿತ್ತು. ಇಲ್ಲ ಎಂಬ ಮಾತು ಅವಳಿಗೂ ಬೇಕಿತ್ತೇನೋ. ಹರಕೆ ಮುರಿದಿಲ್ಲವೆಂದರೆ ಮಗನಿಗೂ ಒಳ್ಳೆಯದು. "ಅಂಗಾದ್ರೆ ಈ ಮಗೀನ್ ತಲೆ ಮುಟ್ಟಿ ಆಣೆ ಇಡಿ. ನಾನ್ ತಿರುಗ್ಸಿ ಮಾತಾಡಲ್ಲ, ಒಂಟೋಯ್ತೀನಿ. ಇಸ್ಕೂಲ್ಗೂ ಕಳುಸ್ತೀನಿ."

ಆಣೆಯ ಸಂಗತಿ ಗ್ವೆನ್‌ಗೆ ಗೊತ್ತಿತ್ತು. ಆಟದಲ್ಲಿ ಜಗಳವಾದಾಗ ಮಕ್ಕಳು ಹೀಗೇ ತಲೆ ಮುಟ್ಟುತ್ತಿದ್ದರು. ಸುಳ್ಳು ಆಣೆ ಇಟ್ಟರೆ ಮುಟ್ಟಿಸಿಕೊಂಡವರು ಸಾಯುತ್ತಾರೆ ಎಂದು ನಂಬಿದ್ದರು. ಅವಳು ನಂಬಿರಲಿಲ್ಲ. ಸುಳ್ಳು ಆಡಿದ್ದಾಯಿತು, ಇನ್ನು ಕೈ ಎತ್ತುವುದೇನು ದೊಡ್ಡದು? ಹುಡುಗಿ ಪರೀಕ್ಷೆ ಬರೆಯಬೇಕು. ಅವಳು ಒಂದು ಹೆಜ್ಜೆ ಮುಂದಿಟ್ಟು, ಎಣ್ಣೆ ಹಚ್ಚಿ ಬಾಚಿದ ಆ ತಲೆಯ ಕಡೆ ಕೈ ಚಾಚಿದಳು.

ಯಲ್ಲಮ್ಮ ಚೀರಿ ಹಿಂದಕ್ಕೆ ಸರಿದಳು.

ಅಜ್ಜಿಯ ಹಿಡಿತ ಬಿಡಿಸಿಕೊಂಡು ಕಂಬಕ್ಕೆ ಬೆನ್ನು ಹಚ್ಚಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. "ಬ್ಯಾಡ ಟೀಚರ್, ಮುಟ್ಬ್ಯಾಡಿ! ಮುಟ್ಬ್ಯಾಡಿ!"

ಬೆಂಚಿನವರೂ ನಗಲಿಲ್ಲ.

ಮುನಿವೆಂಕಟಮ್ಮ ಮೊಮ್ಮಗಳನ್ನು ನೋಡಿದಳು, ಗಾಳಿಯಲ್ಲೇ ನಿಂತಿದ್ದ ಆ ಬಿಳಿಯ ಕೈಯನ್ನು ನೋಡಿದಳು. ಹುಡುಗಿಯನ್ನು ಬಯ್ಯಲಿಲ್ಲ, ಹೊಡೆಯಲಿಲ್ಲ. ಸೆರಗಿನಿಂದ ಅವಳ ಮೂಗು ಒರೆಸಿ ಪಕ್ಕಕ್ಕೆ ಎಳೆದುಕೊಂಡಳು.

"ಮೊಟ್ಟೆ ಆಕಿದ್ದು ಓಗ್ಲಿ. ಸುಳ್ಳು ಏಳಿದ್ದೂ ಓಗ್ಲಿ," ಎಂದಳು. "ಸುಳ್ಳು ಅಂತ ಗೊತ್ತಿದ್ದೂ ಈ ಕೂಸಿನ್ ತಲೆ ಮ್ಯಾಲೆ ಕೈ ಇಡಾಕ್ ಬಂದ್ಯಲ್ಲ. ನಿನ್ ಕೈಗೆ ಮಕ್ಕಳ್ನ ಕೊಟ್ಟಿದ್ವಲ್ಲ ನಾವು."

ತಾನು ಅದನ್ನು ನಂಬುವುದಿಲ್ಲ ಎಂದು ಹೇಳಲು ಗ್ವೆನ್ ಬಾಯಿ ತೆರೆದಳು. ಪುಸ್ತಕದ ಯಾವ ಮಾತಿನಲ್ಲಿ ಹೇಳಿದರೂ ಅದು ಇನ್ನೂ ಕೆಟ್ಟದಾಗಿ ಕೇಳಿಸುತ್ತಿತ್ತು. ಯಲ್ಲಮ್ಮ ಅಜ್ಜಿಯ ಸೊಂಟ ತಬ್ಬಿಕೊಂಡು ಹೋದಳು. ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದಳು. ಬರಿಯ ಹೆದರಿಕೆಯಿದ್ದ ನೋಟ ಅದು.

ಬದರುನ್ನೀಸಾ ಪೊರಕೆ ಎತ್ತಿಕೊಂಡಳು.

"ಕೈ ಇಳಿಸಿ ಅಮ್ಮಾ," ಎಂದಳು. "ಅವ್ರು ಹೋಗಾಯ್ತು."